ನೆಲವೂ ಡೊಂಕಿರುತ್ತದೆ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಪ್ಪತ್ತೊಂಬತ್ತು ವರ್ಷದ ಟೀಚರ್ ಕೆಲಸದಲ್ಲಿ ಈ ಗಾದೆಯನ್ನು ನಾನು ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಪೆನ್ನು ಬರೆಯುತ್ತಿಲ್ಲ ಮಿಸ್ ಅಂದವರಿಗೆ, ಬೋರ್ಡು ಕಾಣುತ್ತಿಲ್ಲ ಮಿಸ್ ಅಂದವರಿಗೆ, ಸ್ಕೇಲು ಸರಿ ಇಲ್ಲ ಮಿಸ್ ಅಂದವರಿಗೆ, ಎಲ್ಲರಿಗೂ ಒಂದೇ ಮದ್ದು. ಗಾದೆ ಹೇಳಿದರೆ ತರಗತಿ ಗೊಳ್ಳೆಂದು ನಗುತ್ತದೆ, ತಕರಾರು ತೆಗೆದ ಮಗು ಕೂತುಬಿಡುತ್ತದೆ, ಪಾಠ ಮುಂದಕ್ಕೆ ಹೋಗುತ್ತದೆ. ಅದರಲ್ಲಿ ಒಂದು ಸಲದ್ದು ಮಾತ್ರ ನನಗೆ ಇವತ್ತಿಗೂ ನೆನಪಿದೆ. ಅದನ್ನು ಕೊನೆಗೆ ಹೇಳುತ್ತೇನೆ, ಯಾಕೆಂದರೆ ಮೊದಲೇ ಹೇಳುವ ಧೈರ್ಯ ನನಗಿಲ್ಲ.

ಈ ಗಾದೆಯಲ್ಲಿ ಕುಣಿಯುವವಳು ಹೆಂಗಸು ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಕುಣಿದವಳು ಅವಳು, ಎಡವಿದವಳು ಅವಳು, ನಗೆಗೀಡಾದವಳೂ ಅವಳೇ. ನಕ್ಕವರಲ್ಲಿ ಒಬ್ಬರಾದರೂ ಬಗ್ಗಿ ನೆಲ ನೋಡಿದರೆ? ಹಾಗೆಂದು ಗಾದೆ ಹೇಳುವುದಿಲ್ಲ. ನೆಲ ನಿಜವಾಗಿಯೂ ಡೊಂಕಾಗಿದ್ದಿದ್ದರೆ ಎಂಬ ಪ್ರಶ್ನೆ ನನಗೆ ಹುಟ್ಟಿದ್ದು ಐವತ್ತನಾಲ್ಕನೆಯ ವಯಸ್ಸಿನಲ್ಲಿ. ಹುಟ್ಟಿಸಿದ್ದು ಒಂದು ನಾನೂರು ರೂಪಾಯಿಯ ಮೌತ್ ಆರ್ಗನ್.

ಮೌತ್ ಆರ್ಗನ್ ಊದಬೇಕೆಂಬುದು ನನ್ನ ಹಳೆಯ ಆಸೆ. ‘ಶೋಲೆ’ ಚಿತ್ರ 1975ರದು. ನಾನು ನೋಡುವ ಹೊತ್ತಿಗೆ ಅದು ಎಷ್ಟನೆಯ ಸಲವೋ ನಮ್ಮೂರ ಟಾಕೀಸಿಗೆ ಬಂದಿತ್ತು. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಚಿತ್ರ ಎಂಬ ಹೆಮ್ಮೆ ಬೇರೆ. ಅದರಲ್ಲಿ ರಾತ್ರಿಯ ಹೊತ್ತು ಅಮಿತಾಭ್ ಬಚ್ಚನ್ ಮೆಟ್ಟಿಲ ಮೇಲೆ ಕೂತು ಮೌತ್ ಆರ್ಗನ್ ನುಡಿಸುತ್ತಾನೆ. ಎದುರಿನ ದೊಡ್ಡ ಮನೆಯಲ್ಲಿ ಬಿಳಿ ಸೀರೆ ಉಟ್ಟ ಜಯಾ ಭಾದುರಿ ಒಂದೊಂದೇ ದೀಪ ಆರಿಸುತ್ತಾ ಹೋಗುತ್ತಾಳೆ. ಆಗ ಕಣ್ಣೀರು ಹಾಕಿಕೊಂಡು ನೋಡಿದ ದೃಶ್ಯ. ಈಗ ಯೋಚಿಸಿದರೆ ಸಿಟ್ಟು ಬರುತ್ತದೆ. ವಾದ್ಯ ಅವನ ಪಾಲಿಗೆ, ದೀಪ ಆರಿಸುವ ಕೆಲಸ ಇವಳ ಪಾಲಿಗೆ. ನಮ್ಮ ಬೀದಿಯಲ್ಲೂ ಹಾಗೇ ಇತ್ತು. ಹುಡುಗರು ಸೈಕಲ್ ಮೇಲೆ ಕೂತು ಮೌತ್ ಆರ್ಗನ್ ಊದುತ್ತಿದ್ದರು, ಹುಡುಗಿಯರು ಕಿಟಕಿಯೊಳಗಿಂದ ಕೇಳುತ್ತಿದ್ದೆವು. ಹುಡುಗಿ ಸಂಗೀತ ಕಲಿಯಬಹುದಿತ್ತು, ವೀಣೆ ಕಲಿಯಬಹುದಿತ್ತು, ಗಂಡಿನ ಕಡೆಯವರು ಬಂದಾಗ ಒಂದು ದೇವರನಾಮ ಹೇಳಬಹುದಿತ್ತು. ಬಾಯಿಗೆ ಇಟ್ಟು ಊದುವ ವಾದ್ಯ ಮಾತ್ರ ಕೂಡದು.

ಹೀಗಾಗಿ ಆಸೆ ಈಡೇರಿಸಿಕೊಳ್ಳಲು ಮಗಳ ಮದುವೆಯಾಗಿ, ಮನೆ ಸಾಲ ತೀರಿ, ಯಾರ ಅಪ್ಪಣೆಯೂ ಬೇಡವಾಗುವವರೆಗೆ ಕಾಯಬೇಕಾಯಿತು. ಒಂದು ಭಾನುವಾರ ತುಮಕೂರಿಗೆ ಹೋದಾಗ ಅಂಗಡಿಯಲ್ಲಿ ಕೇಳಿ ಕೊಂಡೆ. ಹತ್ತು ತೂತಿನದು, ನೀಲಿ ಡಬ್ಬಿ, ಒಳಗೆ ಒರೆಸಲು ಒಂದು ಚೂರು ಬಟ್ಟೆ. ತಿಪಟೂರಿನ ಬಸ್ಸಿನಲ್ಲಿ ಅದನ್ನು ವ್ಯಾನಿಟಿ ಬ್ಯಾಗಿನೊಳಗೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ ಬಂದೆ.

ಮನೆಗೆ ಬಂದು ಊದಿದರೆ ಏನು ಹೇಳಲಿ! ಅರ್ಧ ಗಾಳಿ ಪಕ್ಕದಿಂದ ಸೋರಿ ಹೋಗುತ್ತಿತ್ತು. ನಾಲ್ಕು ಸ್ವರ ಊದುವಷ್ಟರಲ್ಲಿ ಏದುಸಿರು. ಒಂದು ತೂತು ಬುಸ್ಸೆನ್ನುತ್ತಿತ್ತು, ಇನ್ನೊಂದು ಜೀರುಂಡೆಯ ಹಾಗೆ ಜೀರ್ ಅನ್ನುತ್ತಿತ್ತು. ‘ದ’ ಅಪಸ್ವರ. ಮುಚ್ಚಳದ ತಗಡಿನ ಅಂಚು ತುಟಿಗೆ ಗೀರುತ್ತಿತ್ತು. ಮುಂದಿನ ವಾರ ಅಂಗಡಿಗೆ ವಾಪಸ್ ತೆಗೆದುಕೊಂಡು ಹೋದೆ. ಬಾಯಿಗಿಟ್ಟ ವಾದ್ಯ ಹಿಂದಕ್ಕೆ ತಗೊಳ್ಳೋದಿಲ್ಲ ಮೇಡಂ ಎಂದ ಅಂಗಡಿಯ ಹುಡುಗ. ಅದು ನ್ಯಾಯವೇ, ಒಪ್ಪಿದೆ. ಆದರೆ ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. “ಪೀಸ್ ಚೆನ್ನಾಗೇ ಐತೆ ಮೇಡಂ. ನಿಮಗೆ ಈ ವಯಸ್ಸಲ್ಲಿ ದಮ್ಮು ಸಾಲ್ತಿಲ್ಲ ಅಷ್ಟೇ. ಊದೋಕೆ ಪ್ರಾಕ್ಟೀಸ್ ಬೇಕು” ಅಂದ.

ನನ್ನ ಗಾದೆ ನನಗೇ ವಾಪಸ್ ಬಂದಿತ್ತು. ವಿಚಿತ್ರವೆಂದರೆ, ನಾನು ನಂಬಿದೆ. ಎರಡು ತಿಂಗಳು ಆ ವಾದ್ಯ ಬೀರುವಿನಲ್ಲಿತ್ತು. ನನಗೆ ದಮ್ಮಿಲ್ಲ, ಕಿವಿಯಿಲ್ಲ, ಐವತ್ತನಾಲ್ಕಕ್ಕೆ ಇದೆಲ್ಲ ಯಾಕೆ ಬೇಕಿತ್ತು ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಹೆಂಗಸರಿಗೆ ಯಾರಾದರೂ ‘ತಪ್ಪು ನಿನ್ನದು’ ಅಂದರೆ ನಂಬಲು ಎರಡನೆಯ ಸಾಕ್ಷಿ ಬೇಕಾಗುವುದಿಲ್ಲ.

ಬೀರುವಿನಿಂದ ಅದನ್ನು ಹೊರಗೆ ತಂದದ್ದು ಒಂದು ದೋಸೆ ಕಾವಲಿ. ಹೊಸ ಕಬ್ಬಿಣದ ಕಾವಲಿ ತಂದು, ಈರುಳ್ಳಿ ಎಣ್ಣೆ ಹಚ್ಚಿ ಪಳಗಿಸುತ್ತಾ ಕೂತಿದ್ದೆ. ಮೊದಲ ದೋಸೆ ಅಂಟಿಕೊಂಡಿತು, ಎರಡನೆಯದೂ ಅಂಟಿಕೊಂಡಿತು. ಅತ್ತೆ ಪಕ್ಕದಿಂದ ನೋಡಿ, “ಕಾವಲಿ ಇನ್ನೂ ಪಳಗಿಲ್ಲ ಕಣೆ, ಇನ್ನೆರಡು ದಿನ ಎಣ್ಣೆ ಕುಡಿಸು” ಅಂದರು. ನಿನಗೆ ದೋಸೆ ಹುಯ್ಯಲು ಬರುವುದಿಲ್ಲ ಅನ್ನಲಿಲ್ಲ. ಅಡುಗೆಮನೆಯಲ್ಲಿ ನಾವು ಯಾವ ಸಾಮಾನನ್ನೂ ಅಂಗಡಿಯಿಂದ ಬಂದ ಹಾಗೆ ಒಪ್ಪಿಕೊಂಡವರಲ್ಲ. ಒರಳು ನುಣ್ಣಗಾದರೆ ಉಳಿ ಹಾಕಿಸುತ್ತಿದ್ದೆವು. ಈಳಿಗೆ ಮೊಂಡಾದರೆ ಸಾಣೆ ಕೊಡುತ್ತಿದ್ದೆವು. ಕುಕ್ಕರ್ ಸೋರಿದರೆ ಗ್ಯಾಸ್ಕೆಟ್ ಬದಲಾಯಿಸುತ್ತೇವೆ, ಬ್ಲೌಸು ಬಿಗಿಯಾದರೆ ಹೊಲಿಗೆ ಬಿಚ್ಚುತ್ತೇವೆ. ಹಾಗಾದರೆ ಮೌತ್ ಆರ್ಗನ್ನಿನ ಮುಂದೆ ಮಾತ್ರ ಯಾಕೆ ಕೈಕಟ್ಟಿ ನಿಂತೆ? ಗಾಳಿ ಸೋರುವ ಕುಕ್ಕರಿಗೂ ಗಾಳಿ ಸೋರುವ ವಾದ್ಯಕ್ಕೂ ಏನು ವ್ಯತ್ಯಾಸ?

ಅಂದು ಸಂಜೆ ಹೊಲಿಗೆ ಮಿಷನ್ನಿನ ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡು ಊಟದ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ ಕೂತೆ. ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತಿದರು. “ಇದೇನೇ ನಿಂದು? ಬಿಚ್ಚಿ ಹಾಳು ಮಾಡ್ತೀಯ. ಯಾರಿಗಾದರೂ ಗೊತ್ತಿರೋರಿಗೆ ತೋರಿಸೋಣ ಬಿಡು” ಅಂದರು. “ಈಗೇನು ಚೆನ್ನಾಗಿದೆಯೇನ್ರೀ, ಹಾಳಾಗೋಕೆ?” ಅಂದೆ. ಅವರು ಪೇಪರಿಗೆ ವಾಪಸ್ ಹೋದರು.

ಎರಡು ಸ್ಕ್ರೂ ಬಿಚ್ಚಿದರೆ ಮೇಲಿನ ಕೆಳಗಿನ ತಗಡಿನ ಮುಚ್ಚಳ ಕೈಗೆ ಬಂತು. ಒಳಗೆ ನಾನು ಏನೋ ದೊಡ್ಡ ಯಂತ್ರ ಇರುತ್ತದೆಂದು ಹೆದರಿದ್ದೆ. ಇದ್ದದ್ದು ಇಷ್ಟೇ: ನಡುವೆ ಬಾಚಣಿಗೆಯಂಥ ಒಂದು ಪ್ಲಾಸ್ಟಿಕ್ ತುಂಡು, ಅದರ ಮೇಲೊಂದು ಕೆಳಗೊಂದು ಹಿತ್ತಾಳೆ ತಟ್ಟೆ. ಒಂದೊಂದು ತಟ್ಟೆಯಲ್ಲಿ ಹತ್ತು ಉದ್ದನೆಯ ಸೀಳು, ಒಂದೊಂದು ಸೀಳಿಗೆ ಒಂದೊಂದು ಹಿತ್ತಾಳೆಯ ನಾಲಗೆ. ನಾಲಗೆಯ ಒಂದು ತುದಿಯನ್ನು ತಟ್ಟೆಗೆ ಬೆಸೆದಿರುತ್ತಾರೆ, ಇನ್ನೊಂದು ತುದಿ ಬಿಡಿ. ಗಾಳಿ ಬಂದಾಗ ಆ ಬಿಡಿ ತುದಿ ಸೀಳಿನೊಳಗೆ ಹೋಗಿ ಬಂದು ಅಲುಗುತ್ತದೆ, ಅದೇ ಸ್ವರ. ಮೇಲಿನ ತಟ್ಟೆಯ ಹತ್ತು ಊದಿದಾಗ ನುಡಿಯುತ್ತವೆ, ಕೆಳಗಿನ ಹತ್ತು ಉಸಿರೆಳೆದಾಗ ನುಡಿಯುತ್ತವೆ. ಎಲ್ಲ ಸೇರಿ ಇಪ್ಪತ್ತು ನಾಲಗೆ. ಇದಕ್ಕಿಂತ ನಮ್ಮ ಮಿಕ್ಸಿ ಹೆಚ್ಚು ತೊಡಕಿನದು.

ನಾನು ಬಿ.ಎ., ಬಿ.ಎಡ್. ಕನ್ನಡ ಮತ್ತು ಸಮಾಜ ಹೇಳಿಕೊಡುವವಳು, ವಿಜ್ಞಾನದವಳಲ್ಲ. ಆದ್ದರಿಂದ ಗೊತ್ತಿರುವವರನ್ನೇ ಕೇಳಲು ಹೋದೆ. ನಮ್ಮ ಕಡೆ ಹಳ್ಳಿಹಳ್ಳಿಯಲ್ಲಿ ಪೌರಾಣಿಕ ನಾಟಕ ಆಡುತ್ತಾರೆ, ಅದನ್ನು ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳಿದ್ದಾರೆ. ಅಂಥ ಒಬ್ಬ ಹಿರಿಯರು ನಮ್ಮ ಬಡಾವಣೆಯಲ್ಲೇ ಇದ್ದರು. ಹಾರ್ಮೋನಿಯಂನ ಒಳಗಿರುವುದೂ ಇದೇ ಜಾತಿಯ ಹಿತ್ತಾಳೆ ರೀಡು. ಮೇಷ್ಟ್ರು ನನ್ನ ಮೌತ್ ಆರ್ಗನ್ನನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ ನಕ್ಕರು. “ಇದು ನಮ್ಮ ಪೆಟ್ಟಿಗೆಯ ಮೊಮ್ಮಗು ಅಲ್ವೇನಮ್ಮಾ! ಕಾರ್ಖಾನೆಯೋರು ಅರ್ಧ ಕೆಲಸ ಮಾಡಿ ಕಳಿಸವ್ರೆ. ಉಳಿದರ್ಧ ನೀವು ಮಾಡ್ಕೊಳ್ಳಿ. ನಿಧಾನ, ಜೋರು ಮಾಡಬೇಡಿ” ಅಂದು ಅವರು ಹೇಳಿದ್ದು, ನಾನು ಮಾಡಿ ಕಲಿತದ್ದು ಇಲ್ಲಿದೆ. ಬೇಕಾದವರು ಬರೆದಿಟ್ಟುಕೊಳ್ಳಿ.

ಮೊದಲು ಸೋರುವಿಕೆ. ತಟ್ಟೆಗಳನ್ನು ಹಿಡಿದಿರುವ ಸ್ಕ್ರೂಗಳನ್ನೂ ಬಿಚ್ಚಿ, ಪ್ಲಾಸ್ಟಿಕ್ ಬಾಚಣಿಗೆಯನ್ನು ಬೆಳಕಿಗೆ ಹಿಡಿದು ಅದರ ಮೇಲೆ ಸ್ಟೀಲ್ ಸ್ಕೇಲಿನ ಅಂಚು ಇಟ್ಟರೆ ಉಬ್ಬು ತಗ್ಗು ಕಣ್ಣಿಗೇ ಕಾಣುತ್ತದೆ. ಅಚ್ಚಿನಿಂದ ತೆಗೆದಾಗ ಉಳಿದ ಚೂರುಗಳು ಅಂಚಿನಲ್ಲಿರುತ್ತವೆ. ಒಂದು ಕನ್ನಡಿಯ ಮೇಲೆ 400ನೇ ನಂಬರಿನ ಉಜ್ಜುಕಾಗದ ಹಾಸಿ, ಅದರ ಮೇಲೆ ಬಾಚಣಿಗೆಯನ್ನು ಸಮನಾಗಿ, ಒತ್ತದೆ, ಎಂಟಂಕಿ ಬರೆದ ಹಾಗೆ ಉಜ್ಜಬೇಕು. ಕನ್ನಡಿ ಯಾಕೆಂದರೆ ಮನೆಯಲ್ಲಿ ಅದಕ್ಕಿಂತ ಸಮತಟ್ಟಾದ ವಸ್ತು ಇನ್ನೊಂದಿಲ್ಲ. ಆಮೇಲೆ ಸೋಪು ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಬೇಕು. ಪ್ಲಾಸ್ಟಿಕ್ಕಿಗೆ ಮಾತ್ರ ಈ ಸ್ನಾನ. ಮರದ ಬಾಚಣಿಗೆಯಾದರೆ ನೆನೆಸಬಾರದು, ಉಬ್ಬುತ್ತದೆ.

ಎರಡನೆಯದು ನಾಲಗೆಗಳ ಎತ್ತರ. ನಾಲಗೆಯ ಬಿಡಿ ತುದಿ ತಟ್ಟೆಗಿಂತ ಕೂದಲೆಳೆಯಷ್ಟು ಮೇಲೆ ಎದ್ದಿರಬೇಕು. ಹೆಚ್ಚುಕಡಿಮೆ ಆ ನಾಲಗೆಯದೇ ದಪ್ಪದಷ್ಟು ಎಡೆ. ಜಾಸ್ತಿ ಎದ್ದಿದ್ದರೆ ಗಾಳಿ ಸುಮ್ಮನೆ ಹಾದುಹೋಗಿ ಬುಸ್ಸೆನ್ನುತ್ತದೆ, ಊದುವವರಿಗೆ ದಮ್ಮು ಸಾಲುವುದಿಲ್ಲ. ತೀರಾ ಮಲಗಿದ್ದರೆ ಗಾಳಿ ತಾಗಿದೊಡನೆ ಸೀಳು ಮುಚ್ಚಿಕೊಂಡು ಸ್ವರವೇ ಹುಟ್ಟುವುದಿಲ್ಲ. ಎದ್ದದ್ದನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಒತ್ತಬೇಕು, ಮಲಗಿದ್ದನ್ನು ಗುಂಡುಸೂಜಿಯ ತುದಿಯಿಂದ ಮೆಲ್ಲಗೆ ಎಬ್ಬಿಸಬೇಕು. ಒತ್ತುವುದು, ಊದಿ ನೋಡುವುದು, ಮತ್ತೆ ಒತ್ತುವುದು. ಅಂಗಡಿಯ ಹುಡುಗ ಹೇಳಿದ ನನ್ನ ದಮ್ಮಿನ ಕೊರತೆ, ಆರು ನಾಲಗೆಗಳನ್ನು ಸರಿ ಮಾಡಿದ ಮೇಲೆ ಮುಕ್ಕಾಲು ಪಾಲು ಗುಣವಾಯಿತು.

ಮೂರನೆಯದು ಜೀರ್ ಎನ್ನುವುದು. ನಾಲಗೆ ಒಂಚೂರು ಪಕ್ಕಕ್ಕೆ ತಿರುಗಿ ಸೀಳಿನ ಅಂಚಿಗೆ ತಾಗುತ್ತಿದ್ದರೆ, ಇಲ್ಲವೆ ಒಂದು ಕಸ ಸಿಕ್ಕಿಕೊಂಡಿದ್ದರೆ ಹಾಗಾಗುತ್ತದೆ. ತೆಳು ಕಾಗದದ ಪಟ್ಟಿಯನ್ನು ಅಂಚಿನಲ್ಲಿ ಎಳೆದರೆ ಕಸ ಬರುತ್ತದೆ. ತಿರುಗಿದ ನಾಲಗೆಯನ್ನು ಬೆಳಕಿಗೆ ಹಿಡಿದು, ಎರಡೂ ಕಡೆ ಸಮನಾದ ಬೆಳ್ಳಿಗೆರೆ ಕಾಣುವ ತನಕ ನೂಕಬೇಕು.

ನಾಲ್ಕನೆಯದು ಶ್ರುತಿ. ಇದೇ ಕಷ್ಟದ್ದು. ನಾಲಗೆಯ ಬಿಡಿ ತುದಿಯಲ್ಲಿ ಹಿತ್ತಾಳೆಯನ್ನು ಒಂದಿಷ್ಟು ಕೆರೆದರೆ ಸ್ವರ ಏರುತ್ತದೆ, ಬೆಸೆದ ಬುಡದ ಹತ್ತಿರ ಕೆರೆದರೆ ಇಳಿಯುತ್ತದೆ. ಕೆಳಗೆ ತೆಳು ತಗಡಿನ ಪಟ್ಟಿಯ ಆಸರೆ ಕೊಟ್ಟು, ಸಣ್ಣ ಅರದಿಂದ ಮೂರು ನಾಲ್ಕು ಸಲ ತೀಡಿ ನಿಲ್ಲಿಸಿ ಕೇಳಬೇಕು. ಕೆರೆದು ತೆಗೆದದ್ದು ಮತ್ತೆ ಬರುವುದಿಲ್ಲ. ಮೇಷ್ಟ್ರ ಪೆಟ್ಟಿಗೆಯ ‘ದ’ ಹಿಡಿದು ನನ್ನ ‘ದ’ವನ್ನು ಅದಕ್ಕೆ ಕೂಡಿಸಲು ಒಂದು ಮಧ್ಯಾಹ್ನ ಹಿಡಿಯಿತು. ಎರಡೂ ಸ್ವರ ಹತ್ತಿರ ಬಂದಾಗ ನಡುವೆ ಒಂದು ಅಲೆ ಎದ್ದು, ನಿಧಾನವಾಗುತ್ತಾ, ಕೊನೆಗೆ ನಿಂತುಹೋಗುತ್ತದೆ. ಅದು ನಿಂತಾಗ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದರು. ಎಸ್ಸೆಸ್ಸೆಲ್ಸಿ ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಕೊನೆಯದು ಮುಚ್ಚಳ. ಗೀರುವ ಅಂಚನ್ನು ಉಜ್ಜುಕಾಗದದಿಂದ ನುಣ್ಣಗೆ ಮಾಡಿದೆ. ಹಿಂಭಾಗದ ತಗಡನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಸ್ವಲ್ಪ ಅಗಲಿಸಿದೆ. ನಾದಕ್ಕೆ ಹೊರಗೆ ಬರಲು ದಾರಿಯಾಗಿ ದನಿ ದೊಡ್ಡದಾಯಿತು.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಕೆಳಗಿನ ಸ್ಥಾಯಿಯಲ್ಲಿ ‘ಮ’ ಮತ್ತು ‘ದ’ ಇಲ್ಲ. ಅದು ಕೆಟ್ಟದ್ದಲ್ಲ, ವಾದ್ಯದ ಹುಟ್ಟೇ ಹಾಗೆ. ಊದಿದರೆ ಸ, ಗ, ಪ ಒಟ್ಟಿಗೆ ನುಡಿದು ಹಾಡಿಗೆ ಮೇಳ ಸಿಗಲಿ ಎಂದು ಅದನ್ನು ಹಾಗೆ ಜೋಡಿಸಿದ್ದಾರೆ. ನಡುವಿನ ಸ್ಥಾಯಿಯಲ್ಲಿ, ನಾಲ್ಕನೆಯ ತೂತಿನಿಂದ ಏಳನೆಯದರವರೆಗೆ, ನಮ್ಮ ಶಂಕರಾಭರಣದ ಏಳೂ ಸ್ವರಗಳಿವೆ. ‘ಮ’, ‘ನಿ’ ಬಿಟ್ಟರೆ ಮೋಹನ ಸಿಗುತ್ತದೆ. ಗಮಕ ಕೇಳಿದರೆ ಅದು ಕೊಡಲಾರದು. ಯಾವುದು ವಸ್ತುವಿನ ಸ್ವಭಾವ, ಯಾವುದು ಮಾಡಿದವರ ಸೋಮಾರಿತನ ಎಂದು ಬೇರೆ ಮಾಡಿ ನೋಡಲು ಕೂಡ ಒಳಗೆ ಇಣುಕಬೇಕಾಗುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಬಂದ ಮಾತುಗಳಿಗೆ ಉತ್ತರ ಕೊಡಬೇಕಾಗಿದೆ.

“ಹೆಂಗಸರಿಗೆ ಯಾಕಪ್ಪಾ ಈ ರಿಪೇರಿ ಕೆಲಸ” ಎಂದರು ಒಬ್ಬ ಸಹೋದ್ಯೋಗಿ. ಮೈಸೂರಿನ ಚೌಡಯ್ಯನವರು ಮೈಕಿಲ್ಲದ ಕಾಲದಲ್ಲಿ ತಮ್ಮ ಪಿಟೀಲಿನ ನಾದ ದೊಡ್ಡ ಸಭೆಯ ಹಿಂದಿನ ಸಾಲಿಗೆ ತಲುಪುತ್ತಿಲ್ಲವೆಂದು ನಾಲ್ಕು ತಂತಿಯ ವಾದ್ಯಕ್ಕೆ ಏಳು ತಂತಿ ಕಟ್ಟಿಕೊಂಡರು. ನಾಡು ಕೊಂಡಾಡಿತು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನೇ ಪಿಟೀಲಿನ ಆಕಾರದಲ್ಲಿ ಕಟ್ಟಿದ್ದಾರೆ. ಕೊಂಡಾಡಲೇಬೇಕು, ನನಗೂ ಅವರ ಮೇಲೆ ಭಕ್ತಿಯಿದೆ. ಕಲ್ಕತ್ತದಲ್ಲಿ ದ್ವಾರಕಾನಾಥ ಘೋಷ್ ಎಂಬುವರು ಯೂರೋಪಿನ ಕಾಲೊತ್ತು ಹಾರ್ಮೋನಿಯಂ ನಮ್ಮ ಕೂರುವ ರೀತಿಗೆ ಹೊಂದುವುದಿಲ್ಲವೆಂದು, ನೆಲದ ಮೇಲೆ ಕೂತು ಕೈಯಿಂದ ಗಾಳಿ ಒತ್ತುವ ಪೆಟ್ಟಿಗೆ ಮಾಡಿದರು. ಅದಿಲ್ಲದೆ ನಮ್ಮ ಭಜನೆಯೂ ಇಲ್ಲ, ನಾಟಕವೂ ಇಲ್ಲ. ವಾದ್ಯ ನಮಗೆ ಒಗ್ಗದಿದ್ದರೆ ವಾದ್ಯವನ್ನು ಬದಲಾಯಿಸಬಹುದೆಂದು ಈ ದೊಡ್ಡವರು ತೋರಿಸಿಕೊಟ್ಟರು. ಗಂಡಸು ವಾದ್ಯ ಬಿಚ್ಚಿದರೆ ಸಂಶೋಧನೆ, ಹೆಂಗಸು ಬಿಚ್ಚಿದರೆ ಹಾಳುಮಾಡುವುದು ಎಂಬ ಲೆಕ್ಕ ಮಾತ್ರ ನನಗೆ ಬಿಡಿಸಲಾಗುತ್ತಿಲ್ಲ.

ಮೌತ್ ಆರ್ಗನ್ನಿನ ಚರಿತ್ರೆಯಲ್ಲೇ ಇದಕ್ಕೆ ಉತ್ತರವಿದೆ. ಜರ್ಮನಿಯ ದಕ್ಷಿಣದಲ್ಲಿ ಟ್ರೋಸಿಂಗನ್ ಎಂಬ ಪುಟ್ಟ ಊರಿದೆ. ಗಡಿಯಾರದ ಕಸುಬಿನ ಮತ್ತಿಯಾಸ್ ಹೋನರ್ ಎಂಬಾತ 1857ರಲ್ಲಿ ಅಲ್ಲಿ ಮನೆಯ ಅಡುಗೆಕೋಣೆಯಂಥ ಜಾಗದಲ್ಲಿ ಈ ವಾದ್ಯ ಮಾಡಲು ಕೂತ. ಮೊದಲ ವರ್ಷ ಆದದ್ದು 650. ಆಮೇಲೆ ಅದು ಲೋಕಕ್ಕೆಲ್ಲ ಹೋಗುವ ಉದ್ಯಮವಾದಾಗ ಸುತ್ತಮುತ್ತಲ ಮನೆಗಳಲ್ಲಿ ಹೆಂಗಸರು ಮಕ್ಕಳು ಕೂತು ಕೂಲಿಗೆ ಇದರ ಕೆಲಸ ಮಾಡಿಕೊಡುತ್ತಿದ್ದರು, ನಮ್ಮಲ್ಲಿ ಬೀಡಿ ಕಟ್ಟುವ ಹಾಗೆ, ಊದುಬತ್ತಿ ಹೊಸೆಯುವ ಹಾಗೆ. ಮಾಡಲು ಹೆಂಗಸಿನ ಬೆರಳು ಬೇಕು, ರಿಪೇರಿಗೆ ಮಾತ್ರ ಬೇಡವೆ?

“ನಾನೂರು ರೂಪಾಯಿಗೆ ಇಷ್ಟು ಒದ್ದಾಟವೇ? ಬಿಸಾಕಿ ಒಳ್ಳೇದು ತಗೋಬಾರದಾ” ಎಂದು ಇನ್ನೊಬ್ಬ ಗೆಳತಿ. ತಗೊಳ್ಳಬಹುದು, ನನ್ನ ಸಂಬಳಕ್ಕೆ ಅದು ಕಷ್ಟವಲ್ಲ. ಆದರೆ ನನ್ನ ಶಾಲೆಗೆ ಬರುವ ಮಕ್ಕಳ ಕೈಗೆ ಬರುವುದು ಯಾವಾಗಲೂ ಅಗ್ಗದ್ದೇ. ಕಲಿತವರ ಕೈಗೆ ಒಳ್ಳೆಯ ವಾದ್ಯ, ಕಲಿಯುವವರ ಕೈಗೆ ಕೆಟ್ಟ ವಾದ್ಯ ಎಂಬುದೇ ನಮ್ಮ ಪದ್ಧತಿ. ಹತ್ತು ವರ್ಷ ನುಡಿಸಿದವರಾದರೆ ಕೆಟ್ಟದ್ದನ್ನು ಎರಡು ಸ್ವರದಲ್ಲೇ ಗುರುತಿಸಿ ಕೆಳಗಿಡುತ್ತಾರೆ. ಮೊದಲ ಸಲ ಮುಟ್ಟಿದ ಮಗುವಿಗೆ ಅದು ಗೊತ್ತಾಗುವುದಿಲ್ಲ. ಅದು ತನ್ನನ್ನೇ ಕೆಳಗಿಟ್ಟುಕೊಳ್ಳುತ್ತದೆ.

ಮೂರನೆಯ ಮಾತು ನನಗೆ ನಿಜವಾಗಿ ಚುಚ್ಚಿದ್ದು. ನಮ್ಮ ಅರ್ಥಶಾಸ್ತ್ರದ ಮೇಡಂ ಹೇಳಿದರು: “ಅವರು ಮಾಡಬೇಕಾದ ಕೆಲಸ ನೀವು ಪುಕ್ಕಟೆ ಮಾಡಿಕೊಟ್ಟು ಅದನ್ನೇ ಹೆಚ್ಚುಗಾರಿಕೆ ಅಂತೀರಲ್ಲ? ಹೆಂಗಸರು ಮೊದಲಿಂದ ಮಾಡ್ತಾ ಬಂದಿರೋದೇ ಇದು. ಕೊಟ್ಟಿದ್ದನ್ನು ಹೇಗೋ ಸರಿ ಮಾಡಿಕೊಂಡು ಹೋಗೋದು.”

ಈ ಮಾತನ್ನು ಹಲವು ದಿನ ಯೋಚಿಸಿದೆ. ಅರ್ಧ ಸರಿ ಅನ್ನಿಸಿತು. ಬಳಕೆದಾರರ ಕಾನೂನು 1986ರಲ್ಲೇ ಬಂತು, ಈಗ ಅದರ ಜಾಗದಲ್ಲಿ 2019ರ ಕಾನೂನಿದೆ. ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ನಾನೂರು ರೂಪಾಯಿಗಾಗಿ ಯಾರೂ ಹೋಗುವುದಿಲ್ಲ ಎಂಬುದು ಮಾಡಿದವರಿಗೂ ಗೊತ್ತು, ಮಾರಿದವರಿಗೂ ಗೊತ್ತು. ಆದ್ದರಿಂದಲೇ ಅಗ್ಗದ ವಸ್ತು ಅರ್ಧಂಬರ್ಧವಾಗಿ ಬರುತ್ತದೆ. ರಿಪೇರಿ ಕಲಿತೆವೆಂದು ತಕರಾರು ಬಿಡಬಾರದು, ಅದನ್ನು ಒಪ್ಪುತ್ತೇನೆ. ರಿಪೇರಿಯಾದ ಮೇಲೆ ನಾನು ಅದೇ ಅಂಗಡಿಗೆ ಹೋಗಿ, ಯಜಮಾನರನ್ನೇ ಕರೆಸಿ, ಬಿಚ್ಚಿ ತೋರಿಸಿ ಬಂದೆ. ಮಾಲು ಬದಲಾಯಿಸುತ್ತಾರೋ ಇಲ್ಲವೋ, ಇನ್ನೊಬ್ಬ ಹೆಂಗಸಿಗೆ ದಮ್ಮಿಲ್ಲ ಎನ್ನುವ ಮುಂಚೆ ಆ ಹುಡುಗ ಒಂದು ಸಲ ಯೋಚಿಸುತ್ತಾನೆ.

ಆದರೆ ಉಳಿದರ್ಧ ಒಪ್ಪಲಾರೆ. ‘ಹೊಂದಿಕೊಂಡು ಹೋಗು’ ಎಂದು ನಮ್ಮ ಅಮ್ಮಂದಿರು ನಮಗೆ ಹೇಳಿ ಕಳಿಸಿದರು. ಹೊಂದಿಕೊಳ್ಳುವುದೆಂದರೆ ವಸ್ತು ಹಾಗೆಯೇ ಇರುತ್ತದೆ, ನಾವು ಅದಕ್ಕೆ ತಕ್ಕಂತೆ ಬಗ್ಗಬೇಕು. ಸೋರುವ ವಾದ್ಯಕ್ಕೆ ಹೆಚ್ಚು ದಮ್ಮು ಕಟ್ಟಿ ಊದಬೇಕು, ಅಪಸ್ವರದ ‘ದ’ವನ್ನು ಬಿಟ್ಟು ಹಾಡಬೇಕು, ಗೀರುವ ಅಂಚಿಗೆ ತುಟಿ ಗಟ್ಟಿ ಮಾಡಿಕೊಳ್ಳಬೇಕು. ಸರಿಪಡಿಸುವುದು ಬೇರೆ. ಅಲ್ಲಿ ಬದಲಾಗಬೇಕಾದದ್ದು ವಸ್ತು. ನಾವು ಇರುವ ಹಾಗೆ, ನಮ್ಮ ಉಸಿರಿನ ಅಳತೆಗೆ, ಅದು ಬರಬೇಕು. ಎರಡಕ್ಕೂ ತಾಳ್ಮೆ ಬೇಕು, ಎರಡರಲ್ಲೂ ಕೈ ನೋಯುತ್ತದೆ, ಹೊರಗಿನಿಂದ ನೋಡಿದವರಿಗೆ ಎರಡೂ ‘ಅಡ್ಜಸ್ಟ್’ ಮಾಡಿಕೊಂಡಂತೆಯೇ ಕಾಣುತ್ತದೆ. ನಲವತ್ತು ವರ್ಷ ಮೊದಲನೆಯದನ್ನು ಮಾಡಿ ಎರಡನೆಯದನ್ನು ಈಗ ಕಲಿತಿರುವ ನನಗೆ ಮಾತ್ರ ವ್ಯತ್ಯಾಸ ಚೆನ್ನಾಗಿ ಗೊತ್ತು.

ಇನ್ನು ಕೊನೆಗೆ ಹೇಳುತ್ತೇನೆ ಎಂದದ್ದನ್ನು ಹೇಳಬೇಕು.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ನಾನಿದ್ದ ಶಾಲೆಗೆ ದಾನಿಗಳೊಬ್ಬರು ಆರು ಮೌತ್ ಆರ್ಗನ್ ಕೊಟ್ಟಿದ್ದರು. ಶಾಲಾ ದಿನಾಚರಣೆಯ ಸಮೂಹಗಾನಕ್ಕೆ ಆರು ಮಕ್ಕಳು ಅದನ್ನು ನುಡಿಸಬೇಕು ಎಂದಾಯಿತು. ಆರರಲ್ಲಿ ಒಬ್ಬಳೇ ಹುಡುಗಿ. ಏಳನೆಯ ತರಗತಿ. ಚೆನ್ನಾಗಿ ಹಾಡುತ್ತಿದ್ದಳು, ಆದ್ದರಿಂದ ನಾನೇ ಆರಿಸಿದ್ದೆ. ಮೂರು ದಿನ ಅಭ್ಯಾಸವಾದ ಮೇಲೆ ಬಂದು, “ಮಿಸ್, ಇದರಲ್ಲಿ ‘ಮ’ ಬರಲ್ಲ” ಅಂದಳು. ಉಳಿದ ಐವರಿಗೆ ಬರುತ್ತಲ್ಲ ಅಂದೆ. “ಅವರದ್ರಲ್ಲಿ ಬರುತ್ತೆ ಮಿಸ್, ಇದರಲ್ಲಿ ಬರಲ್ಲ” ಎಂದು ಅದನ್ನು ನನ್ನ ಕಡೆ ಚಾಚಿದಳು. ನಾನು ಕೈಗೆ ತೆಗೆದುಕೊಳ್ಳಲೂ ಇಲ್ಲ. ಗಾದೆ ಹೇಳಿದೆ. ಎಲ್ಲರೂ ನಕ್ಕರು. ದಿನಾಚರಣೆಯಂದು ಅವಳನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿ, ಊದಿದ ಹಾಗೆ ಮಾಡು ಸಾಕು ಅಂದೆ. ಹಾಗೆಯೇ ಮಾಡಿದಳು. ಮಾರನೆಯ ದಿನ ವಾದ್ಯವನ್ನು ಒರೆಸಿ ನನ್ನ ಮೇಜಿನ ಮೇಲಿಟ್ಟು ಹೋದಳು. ಆಮೇಲೆ ಪ್ರಾರ್ಥನೆಯ ಸಾಲಿನಲ್ಲೂ ಅವಳ ದನಿ ಕೇಳಿದ ನೆನಪು ನನಗಿಲ್ಲ.

ಉಳಿದ ಐದು ಏನಾದವೋ. ಇದೊಂದು ಮೇಜಿನ ಡ್ರಾಯರಿನಲ್ಲಿ ಉಳಿದು, ವರ್ಗವಾದಾಗ ಪುಸ್ತಕದ ಪೆಟ್ಟಿಗೆಯ ಜೊತೆ ಮನೆಗೆ ಬಂದಿತ್ತು. ನನ್ನದನ್ನು ಸರಿ ಮಾಡಿದ ವಾರ ಅಟ್ಟದಿಂದ ಇಳಿಸಿದೆ. ಹಿತ್ತಾಳೆ ಕಪ್ಪಿಟ್ಟಿತ್ತು. ಐದನೆಯ ತೂತಿಗೆ ಬಾಯಿಟ್ಟು ಉಸಿರೆಳೆದೆ. ‘ಮ’ ಇರಬೇಕಾದ ಜಾಗ ಅದು. ಬರಲಿಲ್ಲ. ಎರಡು ಸ್ಕ್ರೂ ಬಿಚ್ಚಿದೆ. ಎಳೆಯುವ ನಾಲಗೆಗಳು ಹೊರಗಡೆಯೇ ಇರುತ್ತವೆ, ತಟ್ಟೆಯನ್ನೂ ಕಳಚಬೇಕಿಲ್ಲ. ಐದನೆಯ ನಾಲಗೆ ಸೀಳಿನೊಳಕ್ಕೆ ಇಳಿದು ಮಲಗಿತ್ತು. ಕಾರ್ಖಾನೆಯಿಂದ ಹಾಗೆಯೇ ಬಂದಿರಬೇಕು. ಗುಂಡುಸೂಜಿಯಿಂದ ಎಬ್ಬಿಸಿದೆ. ಮೊದಲು ತೊದಲಿತು, ಎರಡನೆಯ ಸಲಕ್ಕೆ ನುಡಿಯಿತು. ಎಲ್ಲ ಸೇರಿ ಹತ್ತು ನಿಮಿಷವೂ ಆಗಿರಲಿಲ್ಲ.

ಆ ಹುಡುಗಿ ಸರಿಯಾಗಿ ಹೇಳಿದ್ದಳು. ಎಷ್ಟು ಸರಿಯಾಗಿ ಎಂದರೆ, ಕೆಟ್ಟ ಸ್ವರದ ಹೆಸರು ಹಿಡಿದು ಹೇಳಿದ್ದಳು. ಅಷ್ಟು ಕಿವಿಯಿದ್ದ ಮಗುವಿಗೆ ಕಿವಿಯಿಲ್ಲ ಎಂದವಳು ನಾನು. ಅವಳು ಈಗ ಎಲ್ಲಿದ್ದಾಳೋ, ಹಾಡುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಪುಸ್ತಕ ಅವಳ ಕೈಗೆ ಬಿದ್ದರೆ, ತಪ್ಪಾಯಿತು ಮಗೂ ಎಂದು ಇಲ್ಲಿಂದಲೇ ಹೇಳುತ್ತೇನೆ. ನಿನ್ನ ವಾದ್ಯ ಸರಿಹೋಗಿದೆ, ನನ್ನ ಹತ್ತಿರವಿದೆ.

ಈಗ ನನ್ನ ತರಗತಿಯಲ್ಲಿ ಆ ಗಾದೆ ಇಲ್ಲ. ಮಗು ‘ಬರಲ್ಲ’ ಅಂದರೆ ಮೊದಲು ಆ ವಸ್ತುವನ್ನು ನನ್ನ ಕೈಗೆ ತೆಗೆದುಕೊಳ್ಳುತ್ತೇನೆ. ಹೋದ ತಿಂಗಳು ಗಣಿತದ ಮೇಷ್ಟ್ರು ರಜೆಯಲ್ಲಿದ್ದಾಗ ಅವರ ತರಗತಿಗೆ ಹೋಗಿದ್ದೆ. ಒಬ್ಬಳು ಹುಡುಗಿಯ ವೃತ್ತ ಎಷ್ಟು ಸಲ ಎಳೆದರೂ ಕೂಡುತ್ತಿರಲಿಲ್ಲ. ಶುರುವಾದಲ್ಲಿಗೆ ಬಂದು ಮುಟ್ಟದೆ ಹೊರಗೆ ಹೋಗುತ್ತಿತ್ತು. ಕೈ ನಡುಗುತ್ತೆ ಮಿಸ್ ಅಂದಳು, ಯಾರೋ ಹಾಗೆಂದು ಹೇಳಿಕೊಟ್ಟಿದ್ದರು. ಕೈವಾರ ತೆಗೆದುಕೊಂಡು ನೋಡಿದೆ. ಕೀಲಿನ ಸ್ಕ್ರೂ ಸಡಿಲವಾಗಿ ಕಾಲು ಅಗಲುತ್ತಿತ್ತು. ನನ್ನ ಬ್ಯಾಗಿನಲ್ಲಿ ಈಗ ಸದಾ ಇರುವ ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರನ್ನು ಅವಳ ಕೈಗೇ ಕೊಟ್ಟು, ನೀನೇ ಬಿಗಿ ಮಾಡು ಅಂದೆ. ಬಿಗಿ ಮಾಡಿ ಎಳೆದಳು. ವೃತ್ತ ಕೂಡಿತು.